ಲೆ ಮಾನ್ಸ್‌ನ ಕತ್ತಲೆಗೆ ಬಳ್ಳಾರಿಯಲ್ಲಿ ತಯಾರಿ: ಬೆಳಕು, ಕನ್ನಡಿ ಮತ್ತು ದಾರಿ ಬಿಡುವ ಕ್ರಮ

ಮೂವರು ಸೇರಿ ಒಂದೇ ಕಾರನ್ನು ಸರದಿಯ ಮೇಲೆ ಓಡಿಸುವ ನಮ್ಮ ಪುಟ್ಟ ಸಿಮ್ ರೇಸಿಂಗ್ (ಕಂಪ್ಯೂಟರಿನಲ್ಲಿ ನಡೆಯುವ ಕಾರು ಓಟ) ತಂಡದ ಈ ವರ್ಷದ ಕೆಲಸವೆಲ್ಲ ಒಂದೇ ಗುರಿಯ ಸುತ್ತ ನಡೆದಿದೆ. ಐರೇಸಿಂಗ್ ಎಂಬ ಆನ್‌ಲೈನ್ ಆಟದೊಳಗೆ, ಫ್ರಾನ್ಸ್‌ನ ಲೆ ಮಾನ್ಸ್ ಟ್ರ್ಯಾಕಿನ 24 ಗಂಟೆಗಳ ಓಟದಲ್ಲಿ ರಾತ್ರಿ ಪಾಳಿಯನ್ನು ಯಾರಿಗೂ ತೊಂದರೆ ಕೊಡದೆ, ನಮ್ಮ ಜಿಟಿ3 ಕಾರಿಗೂ (ರಸ್ತೆಯ ಸ್ಪೋರ್ಟ್ಸ್ ಕಾರನ್ನು ಓಟಕ್ಕೆಂದು ಮಾರ್ಪಡಿಸಿದ ವರ್ಗ) ಪೆಟ್ಟಾಗದಂತೆ ಮುಗಿಸಬೇಕು. ನಾನು ಬಳ್ಳಾರಿಯಲ್ಲಿದ್ದೇನೆ, ಇನ್ನಿಬ್ಬರಲ್ಲಿ ಒಬ್ಬರು ಗಂಗಾವತಿಯವರು, ಇನ್ನೊಬ್ಬ ಸಿಂಧನೂರಿನ ಹುಡುಗ. ಸ್ಟೀರಿಂಗ್ ಮತ್ತು ಪೆಡಲ್‌ಗಳ ಕೆಲಸ ಹಿಂದೆಯೇ ಮುಗಿದಿರುವುದರಿಂದ ಈ ಬರಹ ಪೂರ್ತಿ ಬೆಳಕಿಗೆ ಸಂಬಂಧಿಸಿದ್ದು. ಕತ್ತಲೆಯಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದಕ್ಕಿಂತ, ನಾವು ಮುಂದೇನು ಮಾಡಲಿದ್ದೇವೆ ಎಂಬುದು ಅಕ್ಕಪಕ್ಕದವರಿಗೆ ಎಷ್ಟು ತಿಳಿಯುತ್ತದೆ ಎಂಬುದೇ ದೊಡ್ಡದೆಂದು ಈ ಅಭ್ಯಾಸದಿಂದ ನನಗೆ ಖಚಿತವಾಗಿದೆ. ಮಾಡಿದ ಬದಲಾವಣೆಗಳೆಲ್ಲ ಈ ತಿಳಿವಳಿಕೆಯಿಂದಲೇ ಹುಟ್ಟಿದವು.

ಕೋಣೆ ಮತ್ತು ಗಡಿಯಾರ

ಲೆ ಮಾನ್ಸ್‌ನ ನಿಜವಾದ ಓಟ ಸಾಮಾನ್ಯವಾಗಿ ಜೂನ್ ತಿಂಗಳ ನಡುವೆ, ಅಲ್ಲಿನ ಸಂಜೆ 4 ಗಂಟೆಗೆ ಆರಂಭವಾಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಸುಮಾರಿಗೆ, ಹುಟ್ಟುವುದು ಬೆಳಗಿನ 6ರ ಸುಮಾರಿಗೆ. ನಮ್ಮ ಗಡಿಯಾರ ಬೇಸಿಗೆಯ ಫ್ರಾನ್ಸ್‌ಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಅಲ್ಲಿನ ಕತ್ತಲೆ ಬಳ್ಳಾರಿಯಲ್ಲಿ ರಾತ್ರಿ ಒಂದೂವರೆಗೆ ಶುರುವಾಗಿ ಬೆಳಗಿನ ಒಂಬತ್ತೂವರೆಯವರೆಗೆ ಇರುತ್ತದೆ. ಅಭ್ಯಾಸದ ಸರ್ವರ್‌ನ ಗಡಿಯಾರವನ್ನು ಲೆ ಮಾನ್ಸ್‌ನ ಸ್ಥಳೀಯ ಸಮಯಕ್ಕೇ ಹೊಂದಿಸಿಕೊಂಡಿದ್ದೇವೆ. ಇದರಿಂದ ಒಂದು ವಿಚಿತ್ರ ತೊಡಕು ಎದುರಾಯಿತು: ಜೂನ್‌ನಲ್ಲಿ ಇಲ್ಲಿ 6 ಗಂಟೆಯೊಳಗೆ ಬಿಸಿಲು ಬರುವಾಗ ಪರದೆಯ ಮೇಲಿನ್ನೂ ನಡುರಾತ್ರಿ ಎರಡೂವರೆ. ನನ್ನ ಕೋಣೆಯ ಕಿಟಕಿ ಪೂರ್ವಕ್ಕಿದೆ. ಬೆಳಕು ನೇರವಾಗಿ ಮಾನಿಟರಿನ ಮೇಲೆ ಬಿದ್ದರೆ ಟ್ರ್ಯಾಕಿನ ಅಂಚೂ ಅದರಾಚೆಯ ಕತ್ತಲೆಯೂ ಒಂದೇ ಬೂದು ಬಣ್ಣಕ್ಕೆ ತಿರುಗುತ್ತವೆ.

ಇದಕ್ಕೆ ಪರಿಹಾರ ಊರಿನಲ್ಲೇ ಸಿಕ್ಕಿತು. ಜೀನ್ಸ್ ಹೊಲಿಗೆಗೆ ಹೆಸರಾದ ಊರಿನಲ್ಲಿ ದಪ್ಪ ಡೆನಿಮ್ ಬಟ್ಟೆಗೆ ಬರವಿಲ್ಲ. ಹೊಲಿಗೆಯ ಘಟಕವೊಂದರಿಂದ ಕಡುನೀಲಿ ಡೆನಿಮ್‌ನ ಉಳಿಕೆ ತುಂಡುಗಳನ್ನು ತಂದು, ಎರಡು ಪದರವಾಗಿ ಜೋಡಿಸಿ ಹೊಲಿಸಿ, ಕಿಟಕಿಯ ಚೌಕಟ್ಟಿಗಿಂತ ಒಂದು ಗೇಣು ಹೆಚ್ಚೇ ಅಗಲವಿರುವ ಪರದೆಯನ್ನು ತೂಗುಹಾಕಿದ್ದೇನೆ. ಅಂಚುಗಳಿಂದ ನುಸುಳುತ್ತಿದ್ದ ಬೆಳಕು ಈ ಹೆಚ್ಚುವರಿ ಅಗಲದಿಂದಾಗಿ ನಿಂತಿತು. ಗಾಳಿ ಕಡಿಮೆಯಾಗುವುದರಿಂದ ಸೆಕೆ ಹೆಚ್ಚುತ್ತದೆ, ಅದು ನಿಜ. ಟೇಬಲ್ ಫ್ಯಾನನ್ನು ಕಾಲಿನ ಮಟ್ಟದಲ್ಲಿ ಇಟ್ಟುಕೊಂಡಿದ್ದೇನೆ.

ಮಾನಿಟರಿನ ಹೊಂದಿಕೆ

ರಾತ್ರಿಯಲ್ಲಿ ಕಾಣುತ್ತಿಲ್ಲವೆಂದು ಬ್ರೈಟ್‌ನೆಸ್ ಮತ್ತು ಗಾಮಾ (ಕಡುಬಣ್ಣದ ಜಾಗಗಳು ಎಷ್ಟು ತಿಳಿಯಾಗಿ ಕಾಣಬೇಕೆಂಬ ಹೊಂದಿಕೆ) ಎರಡನ್ನೂ ಏರಿಸಿ, ಕತ್ತಲೆಯನ್ನೇ ಮೋಡದ ದಿನದಂತೆ ಮಾಡಿಕೊಳ್ಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ಹೆಡ್‌ಲೈಟು ಬಿದ್ದ ಜಾಗ ಪೂರ್ತಿ ಬಿಳುಚಿ ರಸ್ತೆಯ ಮೇಲಿನ ಟೈರಿನ ಗುರುತುಗಳು ಅಳಿಸಿಹೋಗುತ್ತವೆ, ಕನ್ನಡಿಯಲ್ಲಿ ಬರುವ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಪಾಳಿಯ ಕೊನೆಯ ಹೊತ್ತಿಗೆ ಕಣ್ಣು ಉರಿಯುತ್ತದೆ. ನಾನು ಇಟ್ಟುಕೊಂಡಿರುವ ಅಳತೆ ಸರಳವಾಗಿದೆ: ಹೆಡ್‌ಲೈಟಿನ ಬೆಳಕು ಮುಗಿಯುವ ಅಂಚಿನಲ್ಲಿ ಕರ್ಬ್‌ನ (ಟ್ರ್ಯಾಕಿನ ಅಂಚುಗಟ್ಟೆಯ) ಬಣ್ಣದ ಪಟ್ಟಿಗಳು ಒಂದರಿಂದೊಂದು ಬೇರೆಯಾಗಿ ಕಾಣಬೇಕು, ಅಷ್ಟಾದರೆ ಸಾಕು. ಮಾನಿಟರಿನ ಹಿಂದೆ ಗೋಡೆಯ ಮೇಲೆ ಬೀಳುವಂತೆ 6500 ಕೆಲ್ವಿನ್‌ನ ಮಂದ ಎಲ್‌ಇಡಿ ಪಟ್ಟಿಯನ್ನು ಅಂಟಿಸಿದ್ದೇನೆ. ಅದರ ಹೊಳಪು ಪರದೆಯ ಬಿಳಿಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು. ಪೂರ್ತಿ ಕತ್ತಲ ಕೋಣೆಯಲ್ಲಿ ಹೊಳೆಯುವ ಒಂದೇ ಚೌಕವನ್ನು ನೋಡುವಾಗ ಆಗುವ ದಣಿವು ಇದರಿಂದ ಬಹಳ ಇಳಿಯಿತು.

ಮಾನಿಟರಿನ ಬಗೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಂಗಾವತಿಯವರ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಬಹಳ ಚೆನ್ನಾಗಿ ಬರುತ್ತದೆಯಾದರೂ ಕಡುಬಣ್ಣಗಳ ನಡುವಿನ ಬದಲಾವಣೆ ನಿಧಾನವಾದ್ದರಿಂದ ವೇಗದಲ್ಲಿ ಕತ್ತಲೆಯ ಅಂಚುಗಳು ಬಾಲ ಎಳೆದಂತೆ ಕಾಣುತ್ತವೆ. ನನ್ನ ಐಪಿಎಸ್ ಪರದೆಯಲ್ಲಿ ಆ ಬಾಲವಿಲ್ಲ, ಬದಲಿಗೆ ಮೂಲೆಗಳಲ್ಲಿ ಮಬ್ಬು ಹೊಳಪು ಸೋರುತ್ತದೆ.

ನೋಟದ ಕೋನವನ್ನು ಸರಿಪಡಿಸಿದ್ದು ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. 27 ಇಂಚಿನ ಮಾನಿಟರಿನ ಅಗಲ ಸುಮಾರು 60 ಸೆಂಟಿಮೀಟರ್. ಕಣ್ಣಿನಿಂದ 65 ಸೆಂಟಿಮೀಟರ್ ದೂರದಲ್ಲಿಟ್ಟರೆ ಅದು ಆವರಿಸುವ ಅಡ್ಡಕೋನ ಸುಮಾರು 50 ಡಿಗ್ರಿ. ಆಟದೊಳಗೆ ಕೋನವನ್ನು ಇದಕ್ಕಿಂತ ಬಹಳ ಹಿಗ್ಗಿಸಿದರೆ ಅಕ್ಕಪಕ್ಕದ ನೋಟ ಹೆಚ್ಚು ಸಿಗುತ್ತದೆ, ಆದರೆ ಮುಂದಿನ ಕಾರಿನ ಹಿಂಬದಿ ದೀಪಗಳು ಇರುವುದಕ್ಕಿಂತ ದೂರದಲ್ಲಿದ್ದಂತೆ ತೋರುತ್ತವೆ. ಹಗಲಿನಲ್ಲಿ ಮರ, ಸೇತುವೆ, ನೆರಳುಗಳಿಂದ ದೂರ ತಿಳಿಯುವುದರಿಂದ ಈ ವ್ಯತ್ಯಾಸ ಹೇಗೋ ನಡೆದುಹೋಗುತ್ತದೆ. ಇರುಳಿನಲ್ಲಿ ಎರಡು ಕೆಂಪು ಚುಕ್ಕೆಗಳ ನಡುವಿನ ಅಂತರವೊಂದೇ ಆಧಾರ. ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ 100 ಮೀಟರ್ ಮುಗಿಯಲು 1.3 ಸೆಕೆಂಡು ಸಾಕು. ಅಲ್ಲಿ ಆ ಅಂತರವೇ ಸುಳ್ಳು ಹೇಳಬಾರದು.

ಕನ್ನಡಿಯಲ್ಲಿ ಬರುವ ಬೆಳಕು

ಹಿಂದಿನಿಂದ ಬರುವ ಹೈಪರ್‌ಕಾರ್ (ನಮಗಿಂತ ವೇಗದ ವರ್ಗದ ಕಾರು) ಮೊದಲು ಕನ್ನಡಿಯಲ್ಲಿ ಒಂದೇ ಬಿಳಿಯ ಚುಕ್ಕೆಯಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಚುಕ್ಕೆ ಎರಡಾಗಿ ಒಡೆಯುತ್ತದೆ. ಅಲ್ಲಿಂದ ಎರಡು ದೀಪಗಳ ನಡುವಿನ ಅಂತರ ಇಮ್ಮಡಿಯಾದರೆ ದೂರ ಅರ್ಧಕ್ಕಿಳಿದಿದೆ ಎಂದರ್ಥ. ಇದು ರೇಖಾಗಣಿತದ ನೇರ ಲೆಕ್ಕವಾದ್ದರಿಂದ ಯಾವ ಕನ್ನಡಿಯಲ್ಲಾದರೂ ನಡೆಯುತ್ತದೆ. ಲೆ ಮಾನ್ಸ್ ಟ್ರ್ಯಾಕಿನ ಉದ್ದನೆಯ ಮುಲ್ಸಾನ್ ನೇರದಲ್ಲಿ ನಮಗೂ ಅವರಿಗೂ ಗಂಟೆಗೆ 50 ಕಿಲೋಮೀಟರಿನ ವ್ಯತ್ಯಾಸವಿದ್ದರೆ ಅವರು ಸೆಕೆಂಡಿಗೆ 14 ಮೀಟರಿನಂತೆ ಹತ್ತಿರವಾಗುತ್ತಾರೆ, ಅಂದರೆ 100 ಮೀಟರ್ ಅಂತರ ಏಳು ಸೆಕೆಂಡಿನಲ್ಲಿ ಕರಗುತ್ತದೆ. ಸಿಂಧನೂರಿನ ಹುಡುಗ ಇದನ್ನು ನಮ್ಮೆಲ್ಲರಿಗಿಂತ ಬೇಗ ಹಿಡಿದ. ನಾನು ಓಡಿಸುವಾಗ ಸುತ್ತಲಿನ ಕಾರುಗಳನ್ನು ನೋಡಿ ಚಾಲಕನಿಗೆ ತಿಳಿಸುವ ಸ್ಪಾಟರ್ ಕೆಲಸಕ್ಕೆ ಕೂರುವವನು ಅವನೇ. "ಅಣ್ಣಾ, ಹಿಂದ ಲೈಟು ಎರಡಾದ್ವು, ನಿಮ್ಮ ಲೈನ್ ಬಿಡಬ್ಯಾಡ್ರಿ" ಎಂದು ಅವನು ಹೇಳಿದರೆ ನಾನು ಕನ್ನಡಿಯತ್ತ ಮತ್ತೆ ನೋಡುವ ಅಗತ್ಯವೇ ಬೀಳುವುದಿಲ್ಲ.

ನಿಜವಾದ ಲೆ ಮಾನ್ಸ್‌ನಲ್ಲಿ ಜಿಟಿ ಕಾರುಗಳಿಗೆ ಹಳದಿ ಹೆಡ್‌ಲೈಟು, ಹೈಪರ್‌ಕಾರ್‌ನಂಥ ವೇಗದ ಪ್ರೊಟೊಟೈಪ್‌ಗಳಿಗೆ ಬಿಳಿ ಹೆಡ್‌ಲೈಟು ಇರುವ ರೂಢಿಯಿದೆ. ಇದರಿಂದ ಹಿಂದಿರುವವರು ಯಾವ ವರ್ಗದವರೆಂದು ಚಾಲಕನಿಗೆ ಕಣ್ಣಂಚಿನಲ್ಲೇ ತಿಳಿಯುತ್ತದೆ. ಆಟದಲ್ಲಿ ನಾವು ಬಣ್ಣವೊಂದನ್ನೇ ನಂಬದೆ ಪಕ್ಕದಲ್ಲಿರುವ ರಿಲೇಟಿವ್ ಪಟ್ಟಿಯನ್ನೂ ನೋಡುತ್ತೇವೆ. ಆ ಪಟ್ಟಿಯಲ್ಲಿ ವರ್ಗದ ಬಣ್ಣವೂ ಸೆಕೆಂಡುಗಳ ಅಂತರವೂ ಇರುತ್ತವೆ. ನಾನದನ್ನು ಪರದೆಯ ಮೂಲೆಯಿಂದ ಸ್ಟೀರಿಂಗ್‌ನ ಮೇಲ್ಭಾಗಕ್ಕೆ ತಂದು, ಅಕ್ಷರಗಳ ಹೊಳಪನ್ನು ತಗ್ಗಿಸಿ ಇಟ್ಟುಕೊಂಡಿದ್ದೇನೆ.

ದಾರಿ ಬಿಡುವ ಕ್ರಮ

ನಮ್ಮ ಕಡೆಯ ಹೊಸಬರಿಗೆ ಹೇಳಿಕೊಡಬೇಕಾದ ಮುಖ್ಯ ವಿಷಯ ಇದು. ಹೊಸಪೇಟೆ ಮತ್ತು ಬಳ್ಳಾರಿ ನಡುವಿನ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ರಾತ್ರಿ ಓಡಾಡಿದವರ ಕೈಗೆ ಒಂದು ಪದ್ಧತಿ ಕೂತಿರುತ್ತದೆ: ಹಿಂದಿನವರು ಡಿಪ್ಪರ್ ಹೊಡೆಯುತ್ತಾರೆ, ಮುಂದಿನ ಲಾರಿಯವರು ಎಡಕ್ಕೆ ಸರಿದು ದಾರಿ ಬಿಡುತ್ತಾರೆ. ಹೆದ್ದಾರಿಯಲ್ಲಿ ಅದು ಸೌಜನ್ಯ. ಟ್ರ್ಯಾಕಿನಲ್ಲಿ ಅದೇ ಕೆಲಸ ಅಪಘಾತಕ್ಕೆ ದಾರಿ. ಐರೇಸಿಂಗ್‌ನಲ್ಲಿ ನೀಲಿ ಬಾವುಟ, ವೇಗದ ಕಾರು ಹಿಂದೆ ಬರುತ್ತಿದೆ ಎಂಬ ಬರೀ ತಿಳಿವಳಿಕೆಯ ಸೂಚನೆ. ಸುರಕ್ಷಿತವಾಗಿ ಹಿಂದಿಕ್ಕುವ ಹೊಣೆ ವೇಗದ ಕಾರಿನದು. ನಿಧಾನದ ಕಾರು ತನ್ನ ಸಹಜ ಲೈನಿನಲ್ಲೇ, ಸಹಜ ವೇಗದಲ್ಲೇ ಸಾಗಬೇಕು. ಹಿಂದಿನವರು ಎಡಕ್ಕೆ ಹೋಗಲು ಆಗಲೇ ತೀರ್ಮಾನಿಸಿರುವಾಗ ನಾವು ಸೌಜನ್ಯವೆಂದು ಎಡಕ್ಕೇ ಸರಿದರೆ, ಕತ್ತಲೆಯಲ್ಲಿ ಅವರಿಗೆ ನಮ್ಮ ಆ ಚಲನೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನೊಂದು ಕಾರಣವೂ ಇದೆ, ಅದು ಆನ್‌ಲೈನ್ ಓಟಕ್ಕೇ ಸೇರಿದ್ದು. ಪರದೆಯ ಮೇಲೆ ಕಾಣುವ ಬೇರೆಯವರ ಕಾರು, ಅವರ ಕಂಪ್ಯೂಟರಿನಿಂದ ಸ್ವಲ್ಪ ಹಿಂದೆ ಹೊರಟ ಮಾಹಿತಿಯ ಆಧಾರದ ಮೇಲೆ ಆಟವೇ ಊಹಿಸಿ ಬರೆದ ಚಿತ್ರ. 150 ಮಿಲಿಸೆಕೆಂಡು ತಡವಾದರೆ ಗಂಟೆಗೆ 280 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 11 ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ಎರಡು ಜಿಟಿ3 ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೂ ಅಷ್ಟು ಉದ್ದವಾಗದು. ಕಾರು ಒಂದೇ ಗತಿಯಲ್ಲಿ ಸಾಗುತ್ತಿದ್ದರೆ ಆ ಊಹೆ ಸರಿಯಾಗುತ್ತದೆ. ತಟ್ಟನೆ ಪಕ್ಕಕ್ಕೆ ಸರಿದರೆ ಊಹೆ ತಪ್ಪಿ, ಎದುರಿನವರ ಪರದೆಯಲ್ಲಿ ಕಾರು ಜಿಗಿದಂತೆ ಕಾಣುತ್ತದೆ. ಹಾಗಾಗಿ ಲೈನ್ ಹಿಡಿದು ಸಾಗುವುದನ್ನು ನಾನು ಮರ್ಯಾದೆಯೆಂದೂ ತಾಂತ್ರಿಕ ಅಗತ್ಯವೆಂದೂ ಎರಡಾಗಿಯೂ ಎಣಿಸುತ್ತೇನೆ. ಐರೇಸಿಂಗ್‌ನಲ್ಲಿ ಕಾರುಗಳು ಜೋರಾಗಿ ತಾಗಿದರೆ ತಪ್ಪು ಯಾರದ್ದೆಂದು ನೋಡದೆ ಇಬ್ಬರಿಗೂ ನಾಲ್ಕು ಇನ್ಸಿಡೆಂಟ್ ಪಾಯಿಂಟ್ (ಅವಘಡದ ಅಂಕ) ಬೀಳುತ್ತವೆ ಎಂಬುದನ್ನೂ ನೆನಪಿಡಬೇಕು.

ಸಹಾಯ ಮಾಡಲೇಬೇಕೆಂದರೆ ಅದಕ್ಕೆ ತಕ್ಕ ಜಾಗಗಳಿವೆ. ಸುಮಾರು 6 ಕಿಲೋಮೀಟರಿನ ಮುಲ್ಸಾನ್ ನೇರವನ್ನು 1990ರಲ್ಲಿ ಎರಡು ಚಿಕೇನ್‌ಗಳನ್ನು (ವೇಗ ತಗ್ಗಿಸುವ ಅಂಕುಡೊಂಕು ತಿರುವುಗಳನ್ನು) ಸೇರಿಸಿ ಮೂರು ತುಂಡು ಮಾಡಿದ್ದಾರೆ. ಈ ಮೂರರಲ್ಲಿ ಯಾವುದಾದರೊಂದರ ನಡುಭಾಗದಲ್ಲಿ ಆಕ್ಸಿಲರೇಟರನ್ನು ಅರೆಕ್ಷಣ ಸಡಿಲಿಸಿದರೆ ವೇಗದ ಕಾರು ಮುಂದಿನ ಬ್ರೇಕ್ ಜಾಗಕ್ಕೆ ಮೊದಲೇ ದಾಟಿಹೋಗುತ್ತದೆ, ನಮಗೂ ಹೆಚ್ಚು ಸಮಯ ನಷ್ಟವಾಗುವುದಿಲ್ಲ. ಪೋರ್ಷೆ ತಿರುವುಗಳಲ್ಲಿ ಮಾತ್ರ ಅಂಥ ಯಾವ ಸಹಾಯಕ್ಕೂ ಕೈಹಾಕಬಾರದು. ಅವು ವೇಗದ ತಿರುವುಗಳು, ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ, ಇರುಳಿನಲ್ಲಿ ಒಂದರಿಂದ ಮುಂದಿನದು ಕಾಣುವುದೂ ಇಲ್ಲ. ಅಲ್ಲಿ ಹಿಂದಿನವರು ಕಾಯಬೇಕು.

ಡಿಪ್ಪರ್ ವಿಷಯದಲ್ಲಿ ತಂಡದೊಳಗೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ನೇರದಲ್ಲಿ ಹತ್ತಿರ ಬಂದಾಗ ಎರಡು ಸಲ ಚಿಕ್ಕದಾಗಿ ಹೊಡೆದರೆ ಸಾಕು. ಅದರ ಅರ್ಥ ನಾವಿಲ್ಲಿದ್ದೇವೆ ಎಂದಷ್ಟೇ. ದಾರಿ ಬಿಡಿ ಎಂಬ ಆಜ್ಞೆಯಲ್ಲ. ಒಂದೇ ಸಮನೆ ಹೊಡೆಯುತ್ತ ಹಿಂಬಾಲಿಸುವುದನ್ನು ನಾವು ಯಾವ ಕಾರಣಕ್ಕೂ ಮಾಡುವುದಿಲ್ಲ. ಮುಂದಿನ ಚಾಲಕನ ಕನ್ನಡಿಯೆಲ್ಲ ಬೆಳ್ಳಗಾಗಿ, ಅವನು ಬ್ರೇಕಿನ ಗುರುತು ತಪ್ಪಿದರೆ ಅವನ ಹಿಂಬದಿಗೆ ಬಡಿಯುವವರು ನಾವೇ. ತಿರುವಿನೊಳಗೆ, ಬ್ರೇಕ್ ಹಾಕುವಲ್ಲಿ ಡಿಪ್ಪರ್ ನಿಷಿದ್ಧ.

ಅಡ್ಡ ನಿಂತ ಕಾರು

ಹೆಡ್‌ಲೈಟು ಮುಂದಕ್ಕೆ ಬೀಳುತ್ತದೆ, ಕೆಂಪು ದೀಪ ಹಿಂದಕ್ಕೆ ಕಾಣುತ್ತದೆ. ಕಾರು ಸುತ್ತು ಹೊಡೆದು ಟ್ರ್ಯಾಕಿಗೆ ಅಡ್ಡಲಾಗಿ ನಿಂತರೆ ಬರುವವರ ಕಡೆಗೆ ಎರಡೂ ಇರುವುದಿಲ್ಲ. ನಿಜವಾದ ಓಟದಲ್ಲಿ ಕಾರಿನ ಬದಿಯ ನಂಬರ್ ಫಲಕಕ್ಕೆ ಬೆಳಕಿರುವುದರಿಂದ ಒಂದಿಷ್ಟು ಆಧಾರ ಸಿಗುತ್ತದೆ. ಆಟದಲ್ಲಿ ಅದು ಕಪ್ಪು ಗೋಡೆಯೇ ಸರಿ. ಆದ್ದರಿಂದ ಸುತ್ತು ಹೊಡೆದ ಕೂಡಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಿಹಿಡಿದು ನಿಲ್ಲಬೇಕು ಎಂಬುದು ನಮ್ಮ ನಿಯಮ. ಉರುಳುತ್ತಿರುವ ಕಾರಿಗಿಂತ ನಿಂತ ಕಾರನ್ನು ತಪ್ಪಿಸುವುದು ಸುಲಭ. ಮರಳಿ ಹೊರಡುವ ತೀರ್ಮಾನವನ್ನು ಚಾಲಕ ತೆಗೆದುಕೊಳ್ಳುವಂತಿಲ್ಲ. ಸ್ಪಾಟರ್ ಆ ರಿಲೇಟಿವ್ ಪಟ್ಟಿಯನ್ನು ನೋಡಿ "ಈಗ ಹೊರಡ್ರಿ" ಎನ್ನುವವರೆಗೆ ಕಾಯಬೇಕು. ಸುಮಾರು 4 ನಿಮಿಷದ ಸುತ್ತಿನಲ್ಲಿ ಹತ್ತು ಸೆಕೆಂಡು ಕಾಯುವುದರಿಂದ ಓಟ ಕೈತಪ್ಪುವುದಿಲ್ಲ.

ಎದುರಿಗೆ ಧೂಳು ಕಂಡರೆ, ಹಳದಿ ಬಾವುಟ ಬಂದರೆ ವೇಗ ತಗ್ಗಿಸುವುದು ಎಲ್ಲರಿಗೂ ಗೊತ್ತಿರುವ ಮಾತು. ಇರುಳಿನಲ್ಲಿ ಅದಕ್ಕೆ ಒಂದನ್ನು ಸೇರಿಸಿದ್ದೇವೆ: ಹಿಂದೆ ಕಾರಿದ್ದರೆ ಬ್ರೇಕನ್ನು ಒಮ್ಮೆಲೇ ತುಳಿಯದೆ ಮೊದಲು ಮೆಲ್ಲಗೆ ತಾಗಿಸಿ, ನಮ್ಮ ಕೆಂಪು ದೀಪ ಹಿಂದಿನವರಿಗೆ ಕಂಡ ಮೇಲೆ ಪೂರ್ತಿ ಒತ್ತುವುದು.

ಈಗಿನ ಸ್ಥಿತಿ

ಕರೆಂಟಿನ ವ್ಯವಸ್ಥೆ ಮುಗಿದಿದೆ. ಕಂಪ್ಯೂಟರಿನ ಜೊತೆಗೆ ಫೈಬರ್ ಮೋಡೆಮ್ ಮತ್ತು ರೂಟರ್‌ಗಳೂ ಯುಪಿಎಸ್‌ಗೆ ಸೇರಿವೆ; ಮೂವರೂ ವೈಫೈ ಬಿಟ್ಟು ಲ್ಯಾನ್ ಕೇಬಲ್‌ಗೆ ಬಂದಿದ್ದೇವೆ. ಪಾಳಿ ಬದಲಿಸುವ ಕ್ರಮವೂ ನೆಲೆಗೊಂಡಿದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹೊಳೆಯುವ ಪರದೆಯ ಮುಂದೆ ಅಷ್ಟು ಪೂರ್ತಿ ಹೊಂದಿಕೆಯ ಅಗತ್ಯವಿಲ್ಲದಿದ್ದರೂ, ಟ್ಯೂಬ್‌ಲೈಟಿನಡಿಯಿಂದ ನೇರವಾಗಿ ಬಂದು ಸ್ಟೀರಿಂಗ್ ಹಿಡಿದವರ ಮೊದಲ ಸುತ್ತುಗಳು ಅಳುಕಿನಿಂದ ಕೂಡಿರುವುದನ್ನು ಮೂವರಲ್ಲೂ ಕಂಡಿದ್ದೇವೆ. ಈಗ ಮುಂದಿನ ಸರದಿಯವರು ಅರ್ಧ ಗಂಟೆ ಮೊದಲೇ ಕೋಣೆಯ ದೀಪ ಆರಿಸಿ, ಮೊಬೈಲ್ ದೂರವಿಟ್ಟು, ಓಡುತ್ತಿರುವವರ ಕಾಕ್‌ಪಿಟ್ ನೋಟವನ್ನೇ ನೋಡುತ್ತ ಕೂರುತ್ತಾರೆ. ಯಾವ ಬ್ರೇಕ್ ಫಲಕ ಹೆಡ್‌ಲೈಟಿಗೆ ಚೆನ್ನಾಗಿ ಹೊಳೆಯುತ್ತದೆ, ಯಾವುದು ಮುರಿದುಬಿದ್ದಿದೆ ಎಂಬುದು ಅವರಿಗೆ ಆಗಲೇ ತಿಳಿಯುತ್ತದೆ.

ಉಳಿದಿರುವುದು ಮಳೆಯ ಇರುಳು. ಐರೇಸಿಂಗ್‌ಗೆ 2024ರಲ್ಲಿ ಮಳೆ ಸೇರಿದ ಮೇಲೆ ಮುಂದಿನ ಕಾರು ಎಬ್ಬಿಸುವ ನೀರಿನ ತುಂತುರು ನಮ್ಮ ಹೆಡ್‌ಲೈಟಿನ ಬೆಳಕನ್ನು ನಮ್ಮ ಕಣ್ಣಿಗೇ ಮರಳಿಸುತ್ತದೆ. ಒಣ ಇರುಳಿಗೆಂದು ಹೊಂದಿಸಿದ ಗಾಮಾ ಅಲ್ಲಿ ಹೆಚ್ಚಾಯಿತೆಂದು ಅನಿಸುತ್ತಿದೆ. ಮುಂದಿನ ವಾರದಿಂದ ಗಂಗಾವತಿಯವರು ಮುಂದೆ, ನಾನು ಹಿಂದೆ ಇದ್ದು, ಮುಲ್ಸಾನ್ ನೇರದಲ್ಲಿ ಬೇರೆ ಬೇರೆ ಅಂತರಗಳಲ್ಲಿ ಹಿಂಬಾಲಿಸಿ, ಅವರ ಕೆಂಪು ದೀಪ ಯಾವ ದೂರದಲ್ಲಿ ತುಂತುರಿನೊಳಗೆ ಮರೆಯಾಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತೇವೆ. ಗಾಮಾದ ಎರಡನೇ ಹೊಂದಿಕೆಯನ್ನು ಆ ಪಟ್ಟಿ ನೋಡಿಯೇ ನಿರ್ಧರಿಸುವುದು.