ಒಂಬತ್ತು ಚಾವಿಗಳ ಕೇರಿ

ನಮ್ಮ ಮನೆಯ ಜಗಲಿ ದಾಟಿ ಒಳಗೆ ಬಂದರೆ ಎಡಗಡೆಯ ಗೋಡೆಗೆ ಹೊಡೆದ ಒಂದು ಹಲಸಿನ ಹಲಗೆ ಕಾಣುತ್ತದೆ. ಅದರಲ್ಲಿ ಒಂಬತ್ತು ಮೊಳೆಗಳಿವೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಆ ಎಲ್ಲ ಮೊಳೆಗಳಲ್ಲಿಯೂ ಒಂದೊಂದು ಬೀಗದಕೈ ತೂಗುತ್ತಿರುತ್ತದೆ. ಅವುಗಳಲ್ಲಿ ಒಂದೂ ನನ್ನ ಮನೆಯದಲ್ಲ. ಕಾಳಿ ನದಿಯ ಉತ್ತರ ದಂಡೆಯಲ್ಲಿ, ಸದಾಶಿವಗಡದ ಹೆದ್ದಾರಿಯಿಂದ ತುಸು ಒಳಗಿರುವ ನಮ್ಮ ಕೇರಿಯಲ್ಲಿ ಹದಿನಾಲ್ಕು ಮನೆಗಳಿದ್ದು, ಒಂಬತ್ತು ಮನೆಗಳಲ್ಲಿ ಹಗಲಿನಲ್ಲಿ ಯಾರೂ ಇರುವುದಿಲ್ಲ.

ಹೋದ ವರ್ಷ ಶಿರಸಿಯಿಂದ ಬಂದ ನನ್ನ ಹಳೆಯ ಗೆಳತಿ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಸುತ್ತ ನೋಡಿ, “ಇಲ್ಲಿ ಜನ ವಾಸ ಇದ್ವನೆ?” ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹೊತ್ತಿನಲ್ಲಿ ನಮ್ಮಲ್ಲಿ ಕೆಂಬೂತದ ಕೂಗು, ತೆಂಗಿನ ಗರಿಯ ಸದ್ದು, ದೂರದ ಹೆದ್ದಾರಿಯ ಮೇಲೆ ಲಾರಿಯ ಗೇರು ಬದಲಾಗುವ ಸದ್ದು, ಇಷ್ಟೇ ಕೇಳುತ್ತಿರುತ್ತದೆ. ಆದರೆ ಇಪ್ಪತ್ತೆಂಟು ವರ್ಷ ಇಲ್ಲಿಯೇ ಬಾಳಿ, ಅದರಲ್ಲಿ ಕೊನೆಯ ಎಂಟು ವರ್ಷಗಳನ್ನು ನಿವೃತ್ತಳಾಗಿ ಹಗಲಿಡೀ ಈ ಜಗಲಿಯಲ್ಲಿಯೇ ಕಳೆದ ನನಗೆ, ಈ ಮೌನವನ್ನು ಜನರಿಲ್ಲದ ಮೌನವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಅಂದು ಅವಳಿಗೆ ಸರಿಯಾಗಿ ಉತ್ತರಿಸಲಾಗದ ಕಾರಣ ಈಗ ಬರೆಯುತ್ತಿದ್ದೇನೆ.

ಇಲ್ಲಿ ಇಷ್ಟು ಮನೆಗಳು ಏಕೆ ಬಂದವು ಎಂಬುದನ್ನು ಕಾರವಾರದ ನೆಲ ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪೇಟೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಗುಡ್ಡ. ನಡುವೆ ಉಳಿದ ಸಮತಟ್ಟು ಜಾಗ ಬಹಳ ಕಡಿಮೆ. ದಕ್ಷಿಣಕ್ಕೆ ಅರಗಾದ ಕಡೆಯ ಕರಾವಳಿ ನೌಕಾಪಡೆಯ ಸೀಬರ್ಡ್ ಯೋಜನೆಗೆ ಹೋಯಿತು, 2005ರಲ್ಲಿ ಅಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಮನೆ ಕಟ್ಟಬೇಕೆಂದವರು ಹೊಳೆ ದಾಟಿ ಈಚೆಗೆ ಬಂದರು. ನನ್ನ ಯಜಮಾನರು ಇಲ್ಲಿಯವರೇ. ಅವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಸೇತುವೆ ಇರಲಿಲ್ಲ. ಕೋಡಿಬಾಗಕ್ಕೆ ಲಾಂಚಿನಲ್ಲಿ ಹೊಳೆ ದಾಟಬೇಕಿತ್ತು, ಮಳೆಗಾಲದಲ್ಲಿ ನೀರು ಏರಿದ ದಿನ ಶಾಲೆಗೆ ತಾನಾಗಿಯೇ ರಜೆ. ಆಗ ನದಿಯ ಈ ದಂಡೆಯೇ ಬೇರೊಂದು ಊರಾಗಿತ್ತೆಂದು ಅವರು ಹೇಳುತ್ತಿದ್ದರು. ಸೇತುವೆ ಬಂದ ಮೇಲೆ ಇದು ಕಾರವಾರದ ಹಿತ್ತಿಲಾಯಿತು.

ನಮ್ಮ ಕೇರಿ ಖಾಲಿಯಾಗುವುದು ಒಮ್ಮೆಲೇ ಅಲ್ಲ, ಮೂರು ಸಲವಾಗಿ. ಎಲ್ಲರಿಗಿಂತ ಮೊದಲು, ಇನ್ನೂ ಕತ್ತಲಿರುವಾಗಲೇ ಗೋವಾಕ್ಕೆ ಹೋಗುವವರು ಹೊರಡುತ್ತಾರೆ. ಮಾಜಾಳಿ ದಾಟಿದರೆ ಪೋಳೆಂ, ಅಲ್ಲಿಂದ ಮುಂದೆ ಮಡಗಾಂವ, ವೆರ್ಣಾದ ಕಾರ್ಖಾನೆಗಳು. ಅಲ್ಲಿ ಕೊಂಕಣಿ ನಡೆಯುತ್ತದೆ, ಸಂಬಳ ಸಿಗುತ್ತದೆ. ಆದರೆ ಅಲ್ಲಿಯೇ ಮನೆ ಮಾಡಿದರೆ ಆ ಸಂಬಳ ಉಳಿಯುವುದಿಲ್ಲವಾದ್ದರಿಂದ ಅಪ್ಪ ಕಟ್ಟಿದ ಮನೆಯನ್ನು ಬಿಡದೆ ದಿನವೂ ರಾಜ್ಯದ ಗಡಿ ದಾಟಿ ಹೋಗಿ ಬರುವ ಹುಡುಗರು ನಮ್ಮಲ್ಲಿ ನಾಲ್ವರಿದ್ದಾರೆ. ಅನಂತರ ಕದ್ರಾ, ಕೈಗಾ ಕಡೆಗೆ ಪಾಳಿ ಕೆಲಸಕ್ಕೆ ಹೋಗುವ ಇಬ್ಬರು. ಕೊನೆಯದಾಗಿ, ಎಂಟೂವರೆಯಿಂದ ಒಂಬತ್ತೂವರೆಯೊಳಗೆ, ಸೇತುವೆ ದಾಟಿ ಕಾರವಾರದ ಕಚೇರಿ, ಕೋರ್ಟು, ಆಸ್ಪತ್ರೆ, ಅಂಗಡಿಗಳಿಗೆ ಹೋಗುವವರು ಮತ್ತು ಶಾಲೆಯ ಮಕ್ಕಳು. “ಅಕ್ಕೋರೆ, ಚಾವಿ ಇಟ್ಟೆ” ಎಂಬ ದನಿ ಆ ಒಂದು ಗಂಟೆಯಲ್ಲಿ ಏಳೆಂಟು ಸಲ ಕೇಳುತ್ತದೆ. ನಾನು ಅಕ್ಕೋರಾಗಿದ್ದ ಶಾಲೆಯಲ್ಲಿ ಅವರಲ್ಲಿ ಇಬ್ಬರು ಕಲಿತಿದ್ದರು, ಉಳಿದವರು ಕೇಳಿ ಕಲಿತು ಹಾಗೆಯೇ ಕರೆಯುತ್ತಾರೆ.

ಆಮೇಲಿನ ಹಗಲು ನಮ್ಮದು, ಅಂದರೆ ಐದು ಮನೆಗಳಲ್ಲಿ ಉಳಿದ ವೃದ್ಧರದು ಮತ್ತು ಎರಡು ಪುಟ್ಟ ಮಕ್ಕಳದು. ಗ್ಯಾಸಿನ ಗಾಡಿ ಬಂದರೆ ಯಾರ ಮನೆಯ ಖಾಲಿ ಸಿಲಿಂಡರು ಎಲ್ಲಿದೆ, ಯಾರ ಹಣ ನನ್ನ ಡಬ್ಬಿಯಲ್ಲಿದೆ ಎಂಬುದನ್ನು ನಾನು ಹೇಳಬೇಕು. ಪಾರ್ಸಲು ತರುವ ಹುಡುಗರು ಈಗ ಬೇರೆ ಬಾಗಿಲು ತಟ್ಟುವುದನ್ನೇ ಬಿಟ್ಟು ನೇರವಾಗಿ ನನ್ನ ಜಗಲಿಗೆ ಬರುತ್ತಾರೆ. ಹತ್ತು ಗಂಟೆಗೆ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಇಲ್ಲಿಯೇ ಕೂಡುತ್ತಾಳೆ. ಬಂಗಡೆಯೋ ಲೇಪೆಯೋ, ಸಂಜೆ ಬರುವ ಯಾರಿಗೆ ಎಷ್ಟು ಬೇಕೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಅದು ನನ್ನ ಫ್ರಿಜ್ಜಿನ ಮೇಲ್ಗಡೆಯ ಖಾನೆಗೆ ಹೋಗುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್ ಆಗಿರುವಾಗ ಅವಳ ಬುಟ್ಟಿಯಲ್ಲಿ ಹೊಳೆಯ ಮೀನು, ತಿಸ್ರೆ, ಒಣಮೀನು ಇರುತ್ತವೆ.

ಮಳೆಗಾಲದಲ್ಲಿ ಕೆಲಸ ಹೆಚ್ಚು. ನಾಲ್ಕು ದಿನ ಸುರಿದು ಐದನೆಯ ದಿನ ಬಿಸಿಲು ಬಿದ್ದರೆ ಹೊರಡುವ ಅವಸರದಲ್ಲಿಯೇ ಎಲ್ಲರೂ ಹಿತ್ತಿಲ ಹಗ್ಗದ ಮೇಲೆ ಬಟ್ಟೆ ಹರವಿ ಹೋಗುತ್ತಾರೆ, ಮತ್ತು ಹನ್ನೊಂದೂವರೆಗೆ ಸದಾಶಿವಗಡದ ಗುಡ್ಡದ ಹಿಂದಿನಿಂದ ಮೋಡ ಕವಿಯುತ್ತದೆ. ಆಗ ನಾನೂ ಎದುರು ಮನೆಯ ಅಜ್ಜಿಯೂ ಒಂದೊಂದು ಹಿತ್ತಿಲಿಗೆ ನುಗ್ಗಿ, ಕೈಗೆ ಸಿಕ್ಕಷ್ಟನ್ನು ಎಳೆದುಕೊಂಡು ನಮ್ಮ ಜಗಲಿಯ ಮಂಚದ ಮೇಲೆ ರಾಶಿ ಹಾಕಿ, ಮಳೆ ನೋಡುತ್ತ ಅವನ್ನು ಮನೆವಾರು ವಿಂಗಡಿಸಿ ಮಡಚುತ್ತೇವೆ. ಯಾವ ಮಗುವಿನ ಸಮವಸ್ತ್ರದ ಗುಂಡಿ ಹೋಗಿದೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಕೈಗಾಕ್ಕೆ ಹೋಗುವವನ ಅಂಗಿಯ ಕಾಲರು ಎಷ್ಟು ಸವೆದಿದೆ, ಇವೆಲ್ಲ ನಮಗೆ ಆ ರಾಶಿಯಿಂದ ತಿಳಿಯುತ್ತವೆ. ವಾರಕ್ಕೆ ಐದು ನಿಮಿಷವೂ ಮಾತಾಡದ ನೆರೆಯವರನ್ನು ನಾನು ಅವರ ಬಟ್ಟೆಗಳಿಂದ ಬಲ್ಲೆ. ಇದನ್ನು ಕೊರತೆಯೆಂದು ನಾನು ಭಾವಿಸುವುದಿಲ್ಲ. ಮಾತಿಗೆ ಅವರಿಗೆ ಸಮಯವಿಲ್ಲ. ಭಾನುವಾರ ಸಿಕ್ಕರೂ ಕಾರವಾರದ ಸಂತೆ, ಬಟ್ಟೆ ಒಗೆಯುವುದು, ನಿದ್ದೆ ಇವುಗಳಲ್ಲಿ ಕಳೆಯುತ್ತದೆ. ಚೌತಿಯ ದಿನಗಳಲ್ಲಿ ಮಾತ್ರ ಎಲ್ಲರೂ ಇರುತ್ತಾರೆ, ಆಗ ಈ ಕೇರಿಯ ಗಲಾಟೆ ಕೇಳಬೇಕು.

2024ರ ಆಗಸ್ಟ್ 7ರ ನಸುಕನ್ನು ಇಲ್ಲಿಯವರಾರೂ ಮರೆಯಲಾರರು. ಮೂರು ವಾರಗಳ ಹಿಂದಷ್ಟೇ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋಗಿದ್ದವು, ಹೆದ್ದಾರಿ ಮುಚ್ಚಿತ್ತು, ಮನೆಮನೆಯಲ್ಲೂ ಅದರದ್ದೇ ಮಾತು. ಆ ರಾತ್ರಿ ಒಂದು ಗಂಟೆಯ ಸುಮಾರಿಗೆ ಕಾಳಿಯ ಹಳೆಯ ಸೇತುವೆ ಕುಸಿದು ಬಿತ್ತು. ನಾಲ್ಕು ದಶಕ ಹಳೆಯದಾದ, ನನ್ನ ಯಜಮಾನರ ಲಾಂಚನ್ನು ನಿಲ್ಲಿಸಿದ ಅದೇ ಸೇತುವೆ. ಒಂದು ಲಾರಿ ನದಿಗೆ ಬಿದ್ದಿತು, ಚಾಲಕನನ್ನು ಬದುಕಿಸಿ ತಂದರು. ಪಕ್ಕದ ಹೊಸ ಸೇತುವೆಯ ಮೇಲಿನ ಓಡಾಟವನ್ನೂ ಮುನ್ನೆಚ್ಚರಿಕೆಗಾಗಿ ತಡೆದರು.

ಅಂದು ನನ್ನ ಹಲಗೆಯಲ್ಲಿ ರಾತ್ರಿಯೂ ಒಂದು ಚಾವಿ ಇತ್ತು. ಕೊನೆಯ ಮನೆಯ ಹುಡುಗಿ ಕಾರವಾರದಲ್ಲಿ ನರ್ಸು, ಗಂಡ ಹಡಗಿನಲ್ಲಿದ್ದಾನೆ. ಅವಳಿಗೆ ರಾತ್ರಿ ಪಾಳಿ ಇದ್ದ ದಿನ ಆರು ವರ್ಷದ ಮಗಳು ನನ್ನ ಜೊತೆ ಮಲಗುತ್ತಾಳೆ. ನಸುಕಿನಲ್ಲಿ ಫೋನುಗಳು ಬಡಿದುಕೊಳ್ಳತೊಡಗಿದಾಗ ಕೇರಿಯ ಎಲ್ಲ ಮನೆಗಳಲ್ಲಿಯೂ ದೀಪ ಹೊತ್ತಿತು, ಮತ್ತು ಯಾರೂ ಕರೆಯದಿದ್ದರೂ ಎಲ್ಲರೂ ನಮ್ಮ ಜಗಲಿಗೆ ಬಂದರು. ಅವಳು ಆಸ್ಪತ್ರೆಯಲ್ಲಿ ಸುರಕ್ಷಿತವಾಗಿದ್ದಾಳೆಂದು ಫೋನಿನಲ್ಲಿ ತಿಳಿದ ಮೇಲೂ ಅವರು ಹೋಗಲಿಲ್ಲ. ಹೊಳೆ ದಾಟಿ ಕೆಲಸಕ್ಕೆ ಹೋಗಲಾಗದ ಜನ ಬೆಳಗಾಗುವವರೆಗೂ ಮಳೆಯಲ್ಲಿ ತೊಯ್ದ ಕೊಡೆಗಳನ್ನು ಅಂಗಳದಲ್ಲಿ ಒರಗಿಸಿ ಕುಳಿತಿದ್ದರು. ಮಗು ಎದ್ದು ಇಷ್ಟು ಜನರನ್ನು ಕಂಡು, “ಇವತ್ತು ಚೌತಿಯಾ?” ಎಂದು ಕೇಳಿತು. ಗೋವಾಕ್ಕೆ ಹೋಗುವ ಹುಡುಗರಿಗೆ ಸೇತುವೆಯ ತಡೆ ಇರಲಿಲ್ಲ, ಅವರ ದಾರಿ ಉತ್ತರಕ್ಕೆ. ಆದರೂ ಅವರಲ್ಲಿ ಇಬ್ಬರು ಅಂದು ರಜೆ ಹಾಕಿದರು. ಮಗುವಿನ ತಾಯಿ ಮನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು.

ಅಂದಿನಿಂದ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಓಡಾಡತೊಡಗಿದವು, ನನ್ನ ಹಲಗೆಗೆ ಚಾವಿಗಳು ಕಾಲು ಗಂಟೆ ಮುಂಚೆ ಬರತೊಡಗಿದವು.

ನನಗೆ ಚಿಂತೆ ತರುವ ಸಂಗತಿ ಬೇರೆ. ಈಚೆಗೆ ಹೊಸದಾಗಿ ಕಟ್ಟಿದ ಮನೆಗಳ ಚಿರೇಕಲ್ಲಿನ ಪಾಗಾರ ಆಳೆತ್ತರಕ್ಕೆ ಏಳುತ್ತಿದೆ, ಅದರ ಮೇಲೊಂದು ಕ್ಯಾಮೆರಾ. ಹಗಲಿಡೀ ಮನೆ ಬಿಟ್ಟಿರುವವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಕ್ಯಾಮೆರಾ ಮಳೆ ಬಂದಾಗ ಬಟ್ಟೆ ತೆಗೆಯುವುದಿಲ್ಲ, ಜಾರಿ ಬಿದ್ದ ಅಜ್ಜನನ್ನು ಎತ್ತುವುದಿಲ್ಲ. ಮೊದಲು ಹಿತ್ತಿಲಿನಿಂದ ಹಿತ್ತಿಲಿಗೆ ದಣಪೆಗಳಿದ್ದವು, ಗಳ ಸರಿಸಿ ಹೋಗಿಬಿಡಬಹುದಿತ್ತು. ಪಾಗಾರ ಕಟ್ಟುವ ಪ್ರತಿಯೊಬ್ಬರ ಬಳಿಯೂ ನಾನು ಹೋಗಿ, ಹಿಂದುಗಡೆ ಒಬ್ಬಾಳು ನುಸುಳುವಷ್ಟು ಜಾಗ ಬಿಡಿ, ಬೇಕಾದರೆ ಅದಕ್ಕೂ ಬೀಗ ಹಾಕಿ, ಒಂದು ಚಾವಿ ಮಾತ್ರ ಇಲ್ಲಿರಲಿ ಎಂದು ಕೇಳಿದ್ದೇನೆ. ಮೂವರಲ್ಲಿ ಇಬ್ಬರು ಬಿಟ್ಟರು. ಮೂರನೆಯವರ ಬಳಿ ಮತ್ತೊಮ್ಮೆ ಹೋಗುವವಳಿದ್ದೇನೆ.

ಗೆಳತಿ ಅಂದು ರಾತ್ರಿ ಇಲ್ಲಿಯೇ ಉಳಿದಿದ್ದಳು. ಗೋವಾದಲ್ಲಿ ಎರಡನೆಯ ಪಾಳಿ ಮುಗಿಸಿ ಬರುವ ಹುಡುಗನ ಚಾವಿಯನ್ನು ನಾನು ಮಲಗುವ ಮುನ್ನ ಹಲಗೆಯಿಂದ ತೆಗೆದು ಹೊರಗಿನ ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಹನ್ನೆರಡೂಮುಕ್ಕಾಲಿಗೆ ಹೆದ್ದಾರಿಯ ತಿರುವಿನಲ್ಲಿ ಬೈಕಿನ ಸದ್ದು ಕೇಳಿ ಅಲ್ಲಿಯೇ ನಿಂತುಹೋಯಿತು. ಬೈಕು ಕೆಟ್ಟಿತೇನೋ ಎಂದು ಅವಳು ಹಾಸಿಗೆಯಲ್ಲಿ ಎದ್ದು ಕುಳಿತಳು. ಕೆಟ್ಟಿದ್ದಲ್ಲ, ಮಲಗಿದವರು ಎದ್ದಾರೆಂದು ಅವನು ದಿನವೂ ಕೇರಿಯ ಬಾಯಲ್ಲಿ ಎಂಜಿನ್ ಆರಿಸಿ ಬೈಕನ್ನು ತಳ್ಳಿಕೊಂಡು ಬರುತ್ತಾನೆ ಎಂದೆ. ಇಬ್ಬರೂ ಕತ್ತಲಲ್ಲಿ ಕೇಳುತ್ತ ಕುಳಿತೆವು. ಚಕ್ರಗಳು ಜಲ್ಲಿಯ ಮೇಲೆ ಉರುಳಿದವು, ಆಮೇಲೆ ಕಿಟಕಿಯ ಸರಳಿನಿಂದ ಚಾವಿ ಕಳಚಿಕೊಂಡ ಸಣ್ಣ ಸದ್ದು ಬಂತು.