ಡಾಕಿಂಗ್ ರೋಬೋಟ್: ಒಂದೇ ಪ್ರೊಸೆಸ್‌ನಲ್ಲಿ ಎರಡು ಓಪನ್‌ಸಿವಿ ಸೇರದಂತೆ

ಎರಡು ಚಕ್ರದ ರೋಬೋಟ್ ಈಗ ಗೋಡೆಗೆ ಅಂಟಿಸಿದ ಆರೂಕೋ ಗುರುತನ್ನು (ಕ್ಯಾಮೆರಾ ಗುರುತಿಸಬಲ್ಲ ಕಪ್ಪು-ಬಿಳುಪು ಚೌಕ) ನೋಡಿಕೊಂಡು ತಾನಾಗಿಯೇ ಚಾರ್ಜರ್ ಬಳಿಗೆ ಬರುತ್ತಿದೆ. ಕೊನೆಯ ಒಂದು ಗೇಣು ದೂರದಲ್ಲಿ ಸ್ವಲ್ಪ ಎಡಕ್ಕೆ ವಾಲುತ್ತದೆ. ಅದರ ವಿಚಾರ ಮುಂದಿನ ಸಲ. ಈ ಬಾರಿ ಬರೆಯುವುದು ಬಿಲ್ಡ್ ಬಗ್ಗೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕೆಲಸದ ಬಗ್ಗೆ. ಮೋಟಾರು, ಬ್ಯಾಟರಿಗಳಿಗಿಂತ ಹೆಚ್ಚು ತಲೆ ಕೆಡಿಸಿದ್ದು ಅದೇ.

ರಾಸ್‌ಬೆರಿ ಪೈ 4 ಎಂಬ ಚಿಕ್ಕ ಕಂಪ್ಯೂಟರ್ ಮೇಲೆ ಉಬುಂಟು 22.04, ಅದರ ಮೇಲೆ ರೋಬೋಟ್ ಪ್ರೋಗ್ರಾಂಗಳ ಚೌಕಟ್ಟಾದ ರಾಸ್ 2ರ ಹಂಬಲ್ ಆವೃತ್ತಿ ಇದೆ. ಈ ಉಬುಂಟು ಜೊತೆ ಬರುವುದು ಕ್ಯಾಮೆರಾ ಚಿತ್ರಗಳನ್ನು ಸಂಸ್ಕರಿಸುವ ಓಪನ್‌ಸಿವಿ ಲೈಬ್ರರಿಯ 4.5.4 ಆವೃತ್ತಿ. ರಾಸ್ ಚಿತ್ರವನ್ನು ಓಪನ್‌ಸಿವಿ ಚಿತ್ರವಾಗಿ ಬದಲಿಸುವ ಹಂಬಲ್‌ನ ಸಿವಿ-ಬ್ರಿಜ್ ಮತ್ತು ಚಿತ್ರವನ್ನು ಕುಗ್ಗಿಸಿ ಕಳಿಸುವ ಪ್ಲಗಿನ್ ಎರಡೂ ಆ ಆವೃತ್ತಿಯನ್ನೇ ನಂಬಿಕೊಂಡಿವೆ. ನಾನು ಬಳಸುವ ಆರೂಕೋ-ಡಿಟೆಕ್ಟರ್ ಕ್ಲಾಸ್ ಬಂದದ್ದು 4.7ರಲ್ಲಿ. ಹಾಗಾಗಿ 4.8 ಅನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕಾಯಿತು.

ಇನ್‌ಸ್ಟಾಲ್ ಮಾಡುವ ಜಾಗದ ಬಗ್ಗೆ ನನ್ನ ನಿಲುವು ಸ್ಪಷ್ಟ: ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರ್‌ಗೆ ಏನನ್ನೂ ಹಾಕುವುದಿಲ್ಲ. ಬಿಲ್ಡ್‌ಗೆ ಬೇಕಾದ ಲೈಬ್ರರಿಗಳನ್ನು ಹುಡುಕಿಕೊಡುವ ಸಿಮೇಕ್, ಸಿಸ್ಟಮ್ ಪ್ಯಾಕೇಜ್‌ಗಳಿಗಿಂತ ಮೊದಲು ಅಲ್ಲಿಯೇ ಹುಡುಕುತ್ತದೆ. ನಮ್ಮ ಪ್ರಾಜೆಕ್ಟ್‌ಗೆ ಸಂಬಂಧವೇ ಇಲ್ಲದ ಪ್ಯಾಕೇಜ್ ಕೂಡ ಹೊಸ ಲೈಬ್ರರಿಯನ್ನು ಎತ್ತಿಕೊಂಡುಬಿಡುತ್ತದೆ. 4.8ಕ್ಕೆ ಹೋಮ್ ಡೈರೆಕ್ಟರಿಯಲ್ಲಿ ಬೇರೆಯೇ ಫೋಲ್ಡರ್ ಕೊಟ್ಟೆ. ಬಿಲ್ಡ್ ಪಟ್ಟಿಯಲ್ಲಿ ಕೋರ್, ಇಮೇಜ್ ಪ್ರೊಸೆಸಿಂಗ್, ಕ್ಯಾಲಿಬ್ರೇಶನ್, ಆಬ್ಜೆಕ್ಟ್ ಡಿಟೆಕ್ಷನ್ ಇಷ್ಟನ್ನೇ ಸೇರಿಸಿದೆ. ಪೈಥಾನ್ ಬೈಂಡಿಂಗ್ ಹೊರಗುಳಿದಿದ್ದರಿಂದ ಸಿಸ್ಟಮ್‌ನ ಪೈಥಾನ್ ಓಪನ್‌ಸಿವಿ ಇದ್ದ ಹಾಗೆಯೇ ಇದೆ. ಬೇಡವಾದ ದಿನ ಫೋಲ್ಡರ್ ಅಳಿಸಿದರೆ ಮುಗಿಯಿತು.

ಆದರೆ ಫೋಲ್ಡರ್ ಬೇರೆ ಮಾಡಿದ ಮಾತ್ರಕ್ಕೆ ಘರ್ಷಣೆ ತಪ್ಪುವುದಿಲ್ಲ. ನನ್ನ ನೋಡ್ (ರಾಸ್‌ನಲ್ಲಿ ಓಡುವ ಪ್ರೋಗ್ರಾಂ) ನೇರವಾಗಿ 4.8ಕ್ಕೆ ಲಿಂಕ್ ಆಗಿದೆ. ಜೊತೆಗೆ ಸಿವಿ-ಬ್ರಿಜ್ ಬಳಸಿದರೆ ಅದು ತನ್ನ ಬೆನ್ನಿಗೆ 4.5.4 ಅನ್ನು ಕರೆತರುತ್ತದೆ. ರಾಸ್ ಪ್ಯಾಕೇಜ್‌ಗಳನ್ನು ಬಿಲ್ಡ್ ಮಾಡುವ ಸಾಧನ ಕೋಲ್ಕನ್, ಬಿಲ್ಡ್ ಯಶಸ್ವಿಯಾಯಿತೆಂದೇ ಹೇಳುತ್ತದೆ. ನಡುವೆ ಲಿಂಕರ್ ಮುದ್ರಿಸುವ ಒಂದು ಎಚ್ಚರಿಕೆಯ ಸಾಲಿನಲ್ಲಿ ಮಾತ್ರ ನಿಜ ಇರುತ್ತದೆ: 4.5ಡಿ ಎಂದು ಮುಗಿಯುವ ಕೋರ್ ಲೈಬ್ರರಿ (4.5.4ರದು), 408 ಎಂದು ಮುಗಿಯುವ ಕೋರ್ ಲೈಬ್ರರಿಯ (4.8ರದು) ಜೊತೆ ಘರ್ಷಿಸಬಹುದು ಎಂದು. ತಯಾರಾದ ಫೈಲ್ ಮೇಲೆ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ಎಲ್‌ಡಿಡಿ ಕಮಾಂಡ್ ಓಡಿಸಿದರೆ ಆ ಎರಡೂ ಹೆಸರುಗಳು ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಈ ಪಟ್ಟಿಯನ್ನು ನೋಡದೆ ನಾನು ಯಾವ ನೋಡನ್ನೂ ರೋಬೋಟ್ ಮೇಲೆ ಓಡಿಸುವುದಿಲ್ಲ.

ಎರಡೂ ಲೈಬ್ರರಿಗಳಲ್ಲಿ ಫಂಕ್ಷನ್‌ಗಳ ಹೆಸರುಗಳು ಬಹುಪಾಲು ಒಂದೇ. ಲಿನಕ್ಸ್ ಲೋಡರ್ ಮೊದಲು ಸಿಕ್ಕಿದ್ದನ್ನೇ ಎಲ್ಲರಿಗೂ ಕೊಡುತ್ತದೆ. ಒಂದೇ ಹೆಸರಿನ ಇಬ್ಬರಿರುವ ಮನೆಗೆ ಬಂದ ಕಾಗದ ಬಾಗಿಲಲ್ಲಿ ಮೊದಲು ಕಂಡವನ ಕೈ ಸೇರಿದ ಹಾಗೆ. 4.5.4ಕ್ಕೆಂದು ಕಂಪೈಲ್ ಆದ ಕೋಡ್ 4.8ರ ಫಂಕ್ಷನ್ ಒಳಗೆ ಹೋಗುತ್ತದೆ. ಒಳಗಿನ ಡೇಟಾ ರಚನೆ ಎರಡರಲ್ಲೂ ಒಂದೇ ಇರುತ್ತದೆಂಬ ಭರವಸೆಯಿಲ್ಲ. ನೋಡ್ ಎಲ್ಲಿ, ಯಾವಾಗ ಕುಸಿಯುತ್ತದೆಂದು ಹೇಳಲಾಗದಿರುವುದು ಇದಕ್ಕೇ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ, ಸಿವಿ-ಬ್ರಿಜ್ ಅನ್ನೇ ಓವರ್‌ಲೇ ವರ್ಕ್‌ಸ್ಪೇಸ್‌ನಲ್ಲಿ (ಮೂಲ ರಾಸ್‌ನ ಮೇಲೆ ಕೂರುವ ನಮ್ಮದೇ ಫೋಲ್ಡರ್) 4.8ರ ಮೇಲೆ ಮತ್ತೆ ಬಿಲ್ಡ್ ಮಾಡುವುದು. ಅದು ಕೆಲಸ ಮಾಡುತ್ತದೆ, ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಸಿವಿ-ಬ್ರಿಜ್ ಅನ್ನು ನೆಚ್ಚಿಕೊಂಡ ಪ್ಲಗಿನ್‌ಗಳನ್ನೂ ಮತ್ತೆ ಬಿಲ್ಡ್ ಮಾಡಬೇಕು, ಅವುಗಳನ್ನು ನೆಚ್ಚಿಕೊಂಡವನ್ನೂ ಮಾಡಬೇಕು. ಕೆಳಗಿನ ವರ್ಕ್‌ಸ್ಪೇಸ್‌ನಲ್ಲಿ ಆಗಲೇ ಇರುವ ಪ್ಯಾಕೇಜನ್ನು ಮೇಲೆ ಮತ್ತೆ ಬಿಲ್ಡ್ ಮಾಡಿದರೆ ಕೋಲ್ಕನ್ ಎಚ್ಚರಿಸುವುದು ಈ ಸರಪಳಿಗಾಗಿಯೇ. ಓವರ್‌ರೈಡ್‌ಗೆ ಅನುಮತಿಯ ಆಯ್ಕೆ ಕೊಟ್ಟರೆ ಎಚ್ಚರಿಕೆ ಸುಮ್ಮನಾಗುತ್ತದೆ, ತೊಂದರೆ ಉಳಿಯುತ್ತದೆ.

ನಾನು ಸಿವಿ-ಬ್ರಿಜ್ ಅನ್ನೇ ಬಿಟ್ಟೆ. ಚಿತ್ರದ ಸಂದೇಶದಲ್ಲಿ ಎತ್ತರ, ಅಗಲ, ಒಂದು ಸಾಲಿನ ಬೈಟ್‌ಗಳ ಸಂಖ್ಯೆ, ಬಣ್ಣದ ಕ್ರಮ ಎಲ್ಲವೂ ಇವೆ. ಅವುಗಳಿಂದ ನೇರವಾಗಿ ಮ್ಯಾಟ್ (ಓಪನ್‌ಸಿವಿ ಚಿತ್ರವನ್ನು ಇಡುವ ರಚನೆ) ಕಟ್ಟಲು ಕೆಲವೇ ಸಾಲುಗಳು ಸಾಕು; ನಕಲು ಕೂಡ ಆಗುವುದಿಲ್ಲ. ಚಿತ್ರ ಸಾಗಿಸುವ ರಾಸ್ ಪ್ಯಾಕೇಜ್ ಇಮೇಜ್-ಟ್ರಾನ್ಸ್‌ಪೋರ್ಟ್ ಬಳಸಿದರೆ ಕುಗ್ಗಿಸುವ ಪ್ಲಗಿನ್ ಮೂಲಕ 4.5.4 ಹಿಂಬಾಗಿಲಿನಿಂದ ಬರಬಹುದಾದ್ದರಿಂದ ಸಾದಾ ಸಬ್‌ಸ್ಕ್ರೈಬರ್ ಇಟ್ಟಿದ್ದೇನೆ. ಹಲವು ನೋಡ್‌ಗಳನ್ನು ಒಂದೇ ಪ್ರೊಸೆಸ್‌ನಲ್ಲಿ ಓಡಿಸುವ ರಾಸ್ ಕಂಟೇನರ್ ಸೇರದೆ ನನ್ನ ನೋಡ್ ತನ್ನದೇ ಪ್ರೊಸೆಸ್‌ನಲ್ಲಿ ಓಡುತ್ತದೆ. ಇದರ ಬೆಲೆಯೂ ಇದೆ: 640×480ರ ಬಣ್ಣದ ಫ್ರೇಮ್ ಒಂದಕ್ಕೆ 9,21,600 ಬೈಟ್, ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು 27.6 ಎಂಬಿ ಪ್ರೊಸೆಸ್‌ಗಳ ನಡುವೆ ಹರಿಯುತ್ತದೆ. ಪೈ 4 ಇದನ್ನು ತಾಳಿಕೊಳ್ಳುತ್ತಿದೆ.

ಸಿಮೇಕ್ ಕಡೆ ಎರಡು ವಿಷಯ. ಓಪನ್‌ಸಿವಿ ಎಲ್ಲಿದೆಯೆಂದು ನೇರವಾಗಿ ಹೇಳಿ, ಕನಿಷ್ಠ ಆವೃತ್ತಿ 4.8 ಎಂದು ಕೇಳುತ್ತೇನೆ; ಆಗ ಸಿಸ್ಟಮ್‌ನದು ಸದ್ದಿಲ್ಲದೆ ನುಸುಳಲಾರದು. ಇನ್‌ಸ್ಟಾಲ್ ಮಾಡುವಾಗ ಸಿಮೇಕ್ ಲೈಬ್ರರಿಯ ದಾರಿಯನ್ನು ಅಳಿಸಿಹಾಕುವುದರಿಂದ, ಲಿಂಕ್ ಮಾಡಿದ ದಾರಿಯನ್ನೇ ಆರ್‌ಪಾತ್ (ಲೈಬ್ರರಿ ಎಲ್ಲಿದೆಯೆಂದು ಫೈಲ್ ಒಳಗೇ ಬರೆದಿಡುವ ದಾರಿ) ಆಗಿ ಉಳಿಸುವ ಆಯ್ಕೆಯನ್ನು ಆನ್ ಮಾಡಿದ್ದೇನೆ. ಅದಿಲ್ಲದಿದ್ದರೆ ಬಿಲ್ಡ್ ಫೋಲ್ಡರ್‌ನಲ್ಲಿ ಓಡುವ ನೋಡ್ ಇನ್‌ಸ್ಟಾಲ್ ಆದ ಮೇಲೆ 408 ಸಿಗಲಿಲ್ಲವೆಂದು ನಿಲ್ಲುತ್ತದೆ.

ಪೈಥಾನ್ ಕಡೆಯ ಕೆಲಸ ಚಿಕ್ಕದು. ಉಬುಂಟುವಿನಲ್ಲಿರುವುದು ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈನ 1.21.5 ಆವೃತ್ತಿ; ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಯಾವುದೋ ಪ್ಯಾಕೇಜಿನ ಜೊತೆ ನಮ್‌ಪೈ 2 ತಂದರೆ, ಹಳೆಯದಕ್ಕೆ ಕಂಪೈಲ್ ಆದ ಸಿವಿ-ಬ್ರಿಜ್‌ನ ಪೈಥಾನ್ ಭಾಗ ನಿಲ್ಲುತ್ತದೆ. ಗ್ರಾಫ್ ಬಿಡಿಸುವ ನೋಡ್‌ಗಾಗಿ ಸಿಸ್ಟಮ್ ಪ್ಯಾಕೇಜ್‌ಗಳೂ ಕಾಣುವಂತೆ ವರ್ಚುವಲ್ ಎನ್‌ವಿರಾನ್‌ಮೆಂಟ್ (ಪೈಥಾನ್ ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಫೋಲ್ಡರ್) ಮಾಡಿ, ನಮ್‌ಪೈ 2ಕ್ಕಿಂತ ಕೆಳಗಿರಲಿ ಎಂಬ ನಿರ್ಬಂಧ ಹಾಕಿದ್ದೇನೆ. ಕೋಲ್ಕನ್ ಆ ಫೋಲ್ಡರ್ ಒಳಗೆ ಪ್ಯಾಕೇಜ್ ಹುಡುಕದಿರಲೆಂದು ಅಲ್ಲಿ ಕೋಲ್ಕನ್-ಇಗ್ನೋರ್ ಎಂಬ ಖಾಲಿ ಫೈಲ್ ಇದೆ. ಕೋಲ್ಕನ್ ಅನ್ನು ಅದೇ ಎನ್‌ವಿರಾನ್‌ಮೆಂಟ್‌ನ ಪೈಥಾನ್ ಮೂಲಕ ಓಡಿಸುತ್ತೇನೆ. ನೋಡ್‌ನ ಮೊದಲ ಸಾಲಿನಲ್ಲಿ ಯಾವ ಪೈಥಾನ್ ಹೆಸರು ಬೀಳುತ್ತದೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಮುಂದಿನ ಕೆಲಸ ಎಲ್‌ಡಿಡಿ ಪರಿಶೀಲನೆಯನ್ನು ಬಿಲ್ಡ್ ನಂತರದ ಸ್ಕ್ರಿಪ್ಟ್‌ಗೆ ಸೇರಿಸುವುದು: 4.5ಡಿ ಮತ್ತು 408 ಒಂದೇ ಫೈಲ್‌ನಲ್ಲಿ ಕಂಡರೆ ಬಿಲ್ಡ್ ಅಲ್ಲಿಯೇ ವಿಫಲವಾಗಬೇಕು. ಓಡುವಾಗ ಲೋಡ್ ಆಗುವ ಪ್ಲಗಿನ್‌ಗಳು ಈ ಪಟ್ಟಿಯಲ್ಲಿ ಕಾಣುವುದಿಲ್ಲವಾದ್ದರಿಂದ, ನೋಡ್ ಶುರುವಾದ ಮೇಲೆ ಅದರ ಮೆಮೊರಿ ಮ್ಯಾಪ್ (ನಿಜವಾಗಿ ಲೋಡ್ ಆದ ಫೈಲ್‌ಗಳ ಪಟ್ಟಿ) ಅನ್ನೂ ಒಮ್ಮೆ ಓದಿಸಬೇಕು.