ತಕಲಿ ಹಿಡಿದು 2000 ಗಜ

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದು. ಸದಸ್ಯರಾಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು, ತಾವೇ ನೂಲಲಿ, ಬೇರೆಯವರಿಂದ ನೂಲಿಸಲಿ ಎಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಬೆಳಗಾವಿ ನಮ್ಮ ಧಾರವಾಡದಿಂದ ಎಷ್ಟು ದೂರ? ಓದಿದ ದಿನವೇ ನನಗೂ ಆಸೆಯಾಯಿತು. ಚರಕ ಬೇಡ, ತಕಲಿಯಲ್ಲೇ (ಬೆರಳಿನಿಂದ ತಿರುಗಿಸಿ ನೂಲುವ ಪುಟ್ಟ ಕಡ್ಡಿ, ಕೈಕದಿರು) 2000 ಗಜ ನೂಲಬೇಕು. ಅಂದರೆ ಸುಮಾರು 1830 ಮೀಟರ್. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 61 ಮೀಟರ್.

ದಿನ 1

ಮೊದಲ ದಿನ ನೂಲಲೇ ಇಲ್ಲ, ಬರೀ ಹತ್ತಿ ಕೆಲಸ. ಪರಿಚಯದ ರೈತರೊಬ್ಬರು ಅರ್ಧ ಕಿಲೋ ಜಯಧರ ಹತ್ತಿ ಕೊಟ್ಟಿದ್ದರು, ಬೀಜದ ಸಮೇತ. ಇದು ನಮ್ಮ ಕಡೆಯ ನಾಟಿ ಹತ್ತಿ. ಎಳೆ ಒಂದು ಇಂಚೂ ಉದ್ದ ಇರುವುದಿಲ್ಲ. ಮಣೆಯ ಮೇಲೆ ಹತ್ತಿ ಇಟ್ಟು ಕಬ್ಬಿಣದ ಸರಳು ಉರುಳಿಸಿದರೆ ಬೀಜ ಪಟ್ ಅಂತ ಮುಂದೆ ಹಾರುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಅದನ್ನು ಬೆರಳಲ್ಲಿ ಹಿಂಜಿ, ನಾಯಿ ಕೂದಲು ಬಾಚುವ ಎರಡು ಬ್ರಷ್‌ಗಳ ನಡುವೆ ಬಾಚಿ, ಬಿದಿರು ಕಡ್ಡಿಗೆ ಸುತ್ತಿ ಹಂಜಿ, ಅಂದರೆ ನೂಲಲು ಹಿಡಿಯುವ ಹತ್ತಿಯ ಸುರುಳಿ, ಮಾಡಿಕೊಂಡೆ. ಸಂಜೆಗೆ ಹದಿನಾಲ್ಕು ಹಂಜಿ. ತಟ್ಟೆಯಲ್ಲಿ ಸಾಲಾಗಿ ಮಲಗಿಸಿ ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ದಿನ 7

ವಾರಕ್ಕೆ 140 ಮೀಟರ್, ತೂಕ 11 ಗ್ರಾಂ. ಅಂದುಕೊಂಡದ್ದರ ಮೂರನೇ ಒಂದು ಪಾಲು. ಅಳತೆಗೆ ಒಂದು ಹಲಗೆಗೆ ಎರಡು ಮೊಳೆ ಹೊಡೆದಿದ್ದೇನೆ, ನಡುವೆ 50 ಸೆಂಟಿಮೀಟರ್. ಒಂದು ಸುತ್ತು ಹಾಕಿದರೆ ಒಂದು ಮೀಟರ್.

ನೂಲು ಒಂದು ಕಡೆ ಹಗ್ಗದ ಹಾಗೆ, ಇನ್ನೊಂದು ಕಡೆ ಕೂದಲಿನ ಹಾಗೆ. ಮೊಳಕ್ಕೊಮ್ಮೆ ಹರಿಯುತ್ತಿತ್ತು. ಪಕ್ಕದ ಮನೆಯ ಆಯಿ ಚಿಕ್ಕವರಿದ್ದಾಗ ಖಾದಿ ಕೇಂದ್ರದಲ್ಲಿ ಅಂಬರ ಚರಕದಲ್ಲಿ ನೂಲಿದವರು. ಕಟ್ಟೆಯ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಕೊನೆಗೆ ಅಂದರು: "ಜಗ್ಗಬ್ಯಾಡ ತಂಗಿ. ಕೈ ಸಡಲ ಬಿಡು, ಅದ ತಾನ ಬರ್ತದ."

ದಿನ 12

ಬಂತು! ಇದನ್ನು ನಿಧಾನವಾಗಿ ಬರೆಯಬೇಕು, ಇಡೀ ತಿಂಗಳ ಸುಖ ಇಲ್ಲೇ ಇದೆ.

ತಕಲಿಯ ಕೆಳತುದಿ ಕರಟದೊಳಗೆ. ಬಲಗೈಯ ಹೆಬ್ಬೆರಳು, ತೋರುಬೆರಳಿನಿಂದ ಒಂದು ತಿರುವು. ಕರಟದಲ್ಲಿ ಗರ್ರ್ ಅನ್ನುವ ಸಣ್ಣ ಸದ್ದು. ಎಡಗೈಯಲ್ಲಿ ಹಂಜಿ, ಹಕ್ಕಿಮರಿ ಹಿಡಿದಷ್ಟು ಹಗುರವಾಗಿ. ಹುರಿ, ಅಂದರೆ ಎಳೆಗಳನ್ನು ಹಿಡಿದಿಡುವ ತಿರುಚು, ಮೇಲೇರುತ್ತಾ ಬರುತ್ತದೆ, ಎಡಗೈ ಅದಕ್ಕಿಂತ ಒಂದು ಕೂದಲೆಳೆ ಮೊದಲೇ ಹಿಂದಕ್ಕೆ ಸರಿಯುತ್ತದೆ. ಆಗ ಹಂಜಿಯ ತುದಿಯಲ್ಲಿ ಅರಳೆ ಹೊಗೆಯ ಹಾಗೆ ತೆಳ್ಳಗಾಗುತ್ತದೆ. ಎಳೆಗಳು ಒಂದರ ಮೇಲೊಂದು ಜಾರುವುದು ಬೆರಳಿಗೆ ಗೊತ್ತಾಗುತ್ತದೆ. ಹುರಿ ಬಂದು ತಾಗಿದ ಕೂಡಲೇ ಜಾರುವುದು ನಿಂತು, ಅಲ್ಲಿ ನೂಲು! ಕೈ ಹೆಗಲಿನವರೆಗೆ ಹೋಯಿತು, ಒಂದು ಸಲವೂ ಹರಿಯಲಿಲ್ಲ. ನಡುವೆ ಒಂದು ದಪ್ಪ ಗಂಟು ಕಂಡಿತು. ಅದರ ಎರಡೂ ಕಡೆ ಹಿಡಿದು ಸ್ವಲ್ಪ ಹುರಿ ಬಿಚ್ಚಿ ಮೆಲ್ಲಗೆ ಎಳೆದೆ. ಬೆಲ್ಲ ಕರಗಿದ ಹಾಗೆ ಕರಗಿ ಹೋಯಿತು.

ಹರಿದರೂ ಈಗ ಬೇಜಾರಿಲ್ಲ. ತುದಿಯನ್ನು ಹಂಜಿಯ ಮೇಲೆ ಇಟ್ಟು ತಿರುವಿದರೆ ತಾನೇ ಕಚ್ಚಿಕೊಳ್ಳುತ್ತದೆ.

ಕುರಿ ಉಣ್ಣೆಯಾದರೆ ಕದಿರನ್ನು ಗಾಳಿಯಲ್ಲಿ ತೂಗುಬಿಟ್ಟೇ ನೂಲಬಹುದು, ಉಣ್ಣೆಯ ಎಳೆ ಉದ್ದ. ಗಿಡ್ಡ ಎಳೆಯ ಈ ಹತ್ತಿಗೆ ಆ ಭಾರ ತಡೆಯಲು ಆಗುವುದಿಲ್ಲ. ಹೊಸಬರು ಕರಟ ಬಿಡಬೇಡಿ.

ದಿನ 21

ಈ ವಾರ 430 ಮೀಟರ್, 20 ಗ್ರಾಂ. ಗ್ರಾಂಗೆ 20 ಮೀಟರ್ ಬಂದರೆ ಹೆಚ್ಚುಕಡಿಮೆ 12ನೇ ನಂಬರಿನ ನೂಲು; ನಂಬರ್ ಹೆಚ್ಚಿದಷ್ಟೂ ನೂಲು ತೆಳ್ಳಗೆ. ಮೊದಲ ವಾರದ್ದು 7ರ ಹತ್ತಿರ ಇತ್ತು. ಒಟ್ಟು 860 ಮೀಟರ್.

ಗಾಳಿ ತುಂಬಾ ಒಣಗಿದ ದಿನ ನೂಲು ಜಾಸ್ತಿ ಹರಿಯುತ್ತದೆ. ಹತ್ತಿಗೆ ಸ್ವಲ್ಪ ತೇವ ಬೇಕು. ಕಿಟಕಿಗೆ ಒದ್ದೆ ಟವೆಲ್ ಹಾಕಿ ಕೂರುತ್ತೇನೆ.

ದಿನ 30

1410 ಮೀಟರ್. ತಿಂಗಳು ಮುಗಿಯಿತು, ಗುರಿ ಮುಟ್ಟಲಿಲ್ಲ. ಮುಂದುವರಿಸುತ್ತೇನೆ. ಬೆಳಗಿನ ಚಹಾ ಕುಡಿದು ಮುಕ್ಕಾಲು ತಾಸು ನೂಲದಿದ್ದರೆ ಈಗ ದಿನ ಶುರುವಾದ ಹಾಗೇ ಅನಿಸುವುದಿಲ್ಲ.

ದಿನ 37

ಬೆಳಿಗ್ಗೆ ಎಂಟೂವರೆಗೆ 1830 ದಾಟಿತು! ಲಡಿಗಳನ್ನು (ಹಲಗೆಯಿಂದ ತೆಗೆದ ನೂಲಿನ ಸುತ್ತುಗಳು) ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಚಿಟಿಕೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ತಾಸು ಕುದಿಸಿದೆ. ಬಿಳಿ ಹತ್ತಿಯಿಂದ ಚಹಾ ಬಣ್ಣದ ನೀರು ಬಂತು. ಹತ್ತಿಯ ಮೇಣ ಬಿಡುವುದು ಹೀಗೆ. ಕುದಿಯುವ ಮೊದಲು ಸುರುಳಿ ಸುತ್ತಿಕೊಳ್ಳುತ್ತಿದ್ದ ನೂಲು ಒಣಗಿದ ಮೇಲೆ ನೆಟ್ಟಗೆ, ಮೆತ್ತಗೆ ನಿಂತಿತು. ಒಟ್ಟು 96 ಗ್ರಾಂ. ಒಂದು ಸಣ್ಣ ಟವೆಲ್‌ಗೆ ಸಾಕು.

ಸಂಜೆ ಎಲ್ಲವನ್ನೂ ಆಯಿಯ ಮಡಿಲಿಗೆ ಹಾಕಿದೆ. ಅವರು ಒಂದೊಂದೇ ಲಡಿ ತೆಗೆದು, ನೂಲನ್ನು ಉಗುರಿನ ಮೇಲೆ ಎಳೆದು ನೋಡಿದರು. ಮೊದಲ ವಾರದ್ದನ್ನು ಬಲಕ್ಕೆ ಇಟ್ಟರು. "ಇದು ದಪ್ಪ ಐತಿ, ಹೊಕ್ಕಿಗೆ ಛಲೋ." ಹೊಕ್ಕು ಅಂದರೆ ಬಟ್ಟೆಯ ಅಡ್ಡ ನೂಲು, ಹಾಸು ಅಂದರೆ ಉದ್ದ ನೂಲು. ಆಮೇಲಿನದ್ದನ್ನು ಒಂದು ಸಲ ಜಗ್ಗಿದರು, ಇನ್ನೊಂದು ಸಲ ಜಗ್ಗಿದರು. ಹರಿಯಲಿಲ್ಲ.

"ಇದು ಹಾಸು ಆಗ್ತದ ನೋಡು. ಮಗ್ಗ ಎಲ್ಲಿ ಹುಡುಕ್ತಿ?"

ನಾಳೆಯಿಂದ ಅದೇ ಕೆಲಸ.